ಗೆಜ್ಜೆಯ ಮೇಲೆ ಕೂತ ಕಪ್ಪು

ಮಕ್ಕಳೇ, ಜಾತ್ರೆ ಹತ್ತಿರ ಬಂದಾಗ ಮನೆಯ ಟ್ರಂಕು ತೆಗೆಯುತ್ತಾರಲ್ಲ, ಆಗ ತಪ್ಪದೆ ಪಕ್ಕದಲ್ಲಿ ಕೂತಿರಿ. ನಾರಾಯಣಪೇಟೆ, ಮಕ್ತಲ್ ಕಡೆಯ ಹಳೆಯ ಮನೆಯಾದರೆ ಒಂದು ಬಟ್ಟೆಯ ಗಂಟಿನಿಂದ ಅಜ್ಜಿಯ ಕಾಲ್ಗಡಗ, ಸೀರೆಯ ನೆರಿಗೆಯನ್ನು ನಡುವಿಗೆ ಬಿಗಿಹಿಡಿಯುವ ಬೆಳ್ಳಿಯ ಡಾಬು, ನಿಮ್ಮದೇ ಪುಟ್ಟ ಗೆಜ್ಜೆ ಹೊರಗೆ ಬರಬಹುದು. ಇಟ್ಟಾಗ ಬೆಳ್ಳಗಿದ್ದವು. ಈಗ ಹಂಚಿನ ತಳದ ಹಾಗೆ ಕಪ್ಪು.

ಕೊಳೆ ಹತ್ತಿದೆ ಅನ್ನುತ್ತಾರೆ. ಅದು ಕೊಳೆಯಲ್ಲ. ಆ ಕಪ್ಪಿನಲ್ಲಿ ಇರುವುದು ಬಹುಪಾಲು ಬೆಳ್ಳಿಯೇ.

ನಮ್ಮ ಸುತ್ತಲಿನ ಗಾಳಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲ ಎಲ್ಲೋ ಒಂದು ಚೂರು ಇರುತ್ತದೆ. ಕೊಳೆತ ಮೊಟ್ಟೆಯ ನಾತ ಗೊತ್ತಲ್ಲ, ಅದೇ. ಚರಂಡಿಯಿಂದ, ಕೊಳೆತ ಸೊಪ್ಪುಸದೆಯಿಂದ ಅದು ಏಳುತ್ತದೆ. ಅದರೊಳಗೆ ಗಂಧಕವಿದೆ. ಕಬ್ಬಿಣಕ್ಕೆ ಗಾಳಿಯ ಆಮ್ಲಜನಕ ಮತ್ತು ನೀರು ಸೇರಿದರೆ ತುಕ್ಕು ಹಿಡಿಯುತ್ತದೆ. ಬೆಳ್ಳಿ ಆಮ್ಲಜನಕಕ್ಕೆ ಸೊಪ್ಪು ಹಾಕುವುದಿಲ್ಲ. ಆದರೆ ಗಂಧಕ ಕಂಡರೆ ಸೋಲುತ್ತದೆ. ಎರಡು ಬೆಳ್ಳಿ ಪರಮಾಣುಗಳು ಒಂದು ಗಂಧಕದ ಪರಮಾಣುವಿನ ಕೈ ಹಿಡಿದರೆ ಸಿಲ್ವರ್ ಸಲ್ಫೈಡ್. ಅದರ ಬಣ್ಣ ಕಪ್ಪು.

ಒಮ್ಮೆಲೇ ಕಪ್ಪಾಗುವುದೂ ಇಲ್ಲ. ಮೊದಲು ಹಳದಿ ಛಾಯೆ, ಆಮೇಲೆ ಕಂದು, ಆಮೇಲೆ ನವಿಲಗರಿಯ ನೀಲಿ. ಮಳೆನೀರಿನ ಮೇಲೆ ಡೀಸೆಲ್ ಬಿದ್ದಾಗ ಬಣ್ಣಗಳು ಮೂಡುವ ಹಾಗೆಯೇ ಇದು. ಪದರ ತೀರಾ ತೆಳ್ಳಗಿದ್ದಾಗ ಅದರ ಮೇಲುಮೈಯಿಂದಲೂ ತಳದಿಂದಲೂ ಮರಳುವ ಬೆಳಕು ಕೂಡಿಕೊಂಡು ಬಣ್ಣವಾಗುತ್ತದೆ. ಪದರ ದಪ್ಪವಾದಾಗ ಕಪ್ಪು. ನನಗೆ ಆ ನೀಲಿ ಬಹಳ ಇಷ್ಟ.

ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳನ್ನು ನೋಡಿದ್ದೀರಾ? ಕನ್ನಡಿ ಕೂರಿಸಿದ ಕಾಂಚಳಿ ಎಂಬ ರವಿಕೆ, ಫೇಟಿಯಾ ಎಂಬ ಅಗಲವಾದ ಲಂಗ, ಕೆನ್ನೆಯ ಪಕ್ಕ ಕೂದಲಿನಿಂದ ಇಳಿಬಿದ್ದ ಬೆಳ್ಳಿಯ ಘುಗ್ರಿ, ಕೊರಳಲ್ಲಿ ರೂಪಾಯಿಗಳ ಸರ. ನಾರಾಯಣಪೇಟೆ, ಮಕ್ತಲ್‌ನ ಈ ಸೀಮೆ ನಿಜಾಮರ ರಾಜ್ಯದಲ್ಲಿತ್ತು. ಆಗಿನ ಹಾಲಿ ಸಿಕ್ಕಾ ರೂಪಾಯಿಯ ಮೇಲೆ ಚಾರ್‌ಮಿನಾರ್ ಇತ್ತು. ತೂಕ ಸುಮಾರು 11.18 ಗ್ರಾಂ, ನೂರು ಪಾಲಿನಲ್ಲಿ ಹೆಚ್ಚುಕಡಿಮೆ 82 ಪಾಲು ಬೆಳ್ಳಿ. ಬ್ರಿಟಿಷರ ಬೆಳ್ಳಿ ರೂಪಾಯಿ 11.66 ಗ್ರಾಂ, ಅಂದರೆ ಸರಿಯಾಗಿ ಒಂದು ತೊಲ. ಅಪ್ಪಟ ಬೆಳ್ಳಿ ಮೆತ್ತಗೆ, ಬೇಗ ಸವೆಯುತ್ತದೆ, ಬಾಗುತ್ತದೆ. ಗಟ್ಟಿ ಬರಲೆಂದು ತಾಮ್ರ ಬೆರೆಸುತ್ತಾರೆ. ನಾಣ್ಯಕ್ಕೂ ಹಾಗೆ, ಪತ್ತಾರರು ಮಾಡುವ ಗೆಜ್ಜೆಗೂ ಹಾಗೆ.

ಹುಣಸೆಹಣ್ಣು ಹಚ್ಚಿದರೆ ಅದರ ಹುಳಿ ಬೆರಕೆಯ ತಾಮ್ರದ ಕಿಲುಬನ್ನು ಕರಗಿಸುತ್ತದೆ. ಸಿಲ್ವರ್ ಸಲ್ಫೈಡ್ ಮಾತ್ರ ಹುಣಸೆಹುಳಿಗೆ ಜಗ್ಗದು. ಅದಕ್ಕೇ ಬೂದಿ ಹಾಕಿ ತಿಕ್ಕುವುದು. ತಿಕ್ಕಿದಾಗ ಕಪ್ಪು ಹೋಗುತ್ತದೆ, ಅದರ ಜೊತೆಗೆ ಅದರೊಳಗಿನ ಬೆಳ್ಳಿಯೂ ಹೋಗುತ್ತದೆ. ಮೂರು ತಲೆಮಾರು ಹೀಗೆ ತಿಕ್ಕಿಸಿಕೊಂಡ ನಾಣ್ಯದಲ್ಲಿ ಚಾರ್‌ಮಿನಾರಿನ ಗೋಪುರಗಳು ನುಣ್ಣಗಾಗಿ, ಬೆರಳಿಗೆ ಮಾತ್ರ ಸಿಗುವಷ್ಟು ಉಳಿದಿರುತ್ತವೆ.

ಹೋಗಬೇಕಾದದ್ದು ಗಂಧಕ ಮಾತ್ರ. ಅದಕ್ಕೊಂದು ದಾರಿ ಇದೆ. ದೊಡ್ಡವರನ್ನು ಜೊತೆಗಿಟ್ಟುಕೊಂಡು, ಕಿಟಕಿ ತೆರೆದು ಮಾಡಿ. ಗಾಜಿನ ಬಟ್ಟಲಿನ ತಳಕ್ಕೆ ಅಡುಗೆಮನೆಯ ಅಲ್ಯುಮಿನಿಯಂ ಹಾಳೆ ಹಾಸಿ, ಅದಕ್ಕೆ ತಾಗುವಂತೆ ಕಪ್ಪಾದ ಗೆಜ್ಜೆ ಇಡಿ. ಎರಡು ಚಮಚ ಅಡುಗೆ ಸೋಡಾ ಹಾಕಿ. ಬಿಸಿನೀರನ್ನು ದೊಡ್ಡವರೇ ಹುಯ್ಯಲಿ. ಅಲ್ಯುಮಿನಿಯಂ ತನ್ನ ಎಲೆಕ್ಟ್ರಾನುಗಳನ್ನು ಬೆಳ್ಳಿಗೆ ಕೊಡುತ್ತದೆ. ಅವು ಸಿಕ್ಕ ಕೂಡಲೇ ಬೆಳ್ಳಿ ಗಂಧಕದ ಕೈ ಬಿಡುತ್ತದೆ. ಸ್ವಲ್ಪ ಹೊತ್ತಿಗೆ ಸಣ್ಣಗೆ ಕೊಳೆತ ಮೊಟ್ಟೆಯ ನಾತ ಬಂದರೆ ಮೂಗು ಮುಚ್ಚುವ ಮೊದಲು ಒಂದು ಕ್ಷಣ ಗಮನಿಸಿ: ಗಾಳಿಯಿಂದ ಬಂದ ಗಂಧಕ ಮತ್ತೆ ಗಾಳಿಗೆ ಹೊರಟಿದೆ. ಬೆಳ್ಳಿ ಗೆಜ್ಜೆಯಲ್ಲೇ ಉಳಿಯಿತು.

ಹರಳು ಕೂರಿಸಿದ, ಒಳಗೆ ಅರಗು ತುಂಬಿದ ಒಡವೆಗೆ ಇದು ಬೇಡ. ಬೇಕೆಂದೇ ಕಪ್ಪು ಮಾಡಿದ ಒಡವೆಗೂ ಬೇಡ. ಆಫ್ರಿಕಾದ ಮೊರಾಕೊ ದೇಶದಲ್ಲಿ ಅಮಾಜಿಗ್ ಎಂಬ ಜನರಿದ್ದಾರೆ. ಬರ್ಬರ್ ಎಂದೂ ಕರೆಯುತ್ತಾರೆ. ಅಲ್ಲಿನ ಹೆಣ್ಣುಮಕ್ಕಳು ಹೊಲಿಯದ ಉದ್ದನೆಯ ಬಟ್ಟೆಯನ್ನು ಮೈಗೆ ಸುತ್ತಿ, ಎರಡೂ ಭುಜದ ಹತ್ತಿರ ಬೆಳ್ಳಿಯ ದೊಡ್ಡ ಮುಕ್ಕೋನದ ಪಿನ್ನು ಚುಚ್ಚಿ ನಿಲ್ಲಿಸುತ್ತಿದ್ದರು. ನಮ್ಮ ಡಾಬು ನಡುವಿನಲ್ಲಿ ಮಾಡುವ ಕೆಲಸ ಅಲ್ಲಿ ಭುಜದಲ್ಲಿ. ಟಿಜ್ನಿಟ್ ಎಂಬ ಊರಿನ ಅಕ್ಕಸಾಲಿಗರು ಬೆಳ್ಳಿ, ತಾಮ್ರ, ಸೀಸಕ್ಕೆ ಗಂಧಕ ಸೇರಿಸಿ ಕರಿಯ ಪುಡಿ ಮಾಡಿಕೊಂಡು, ಕೆತ್ತಿದ ಗೆರೆಗಳಲ್ಲಿ ತುಂಬಿ ಕಾಯಿಸುತ್ತಿದ್ದರು. ನಾವು ತಿಕ್ಕಿ ತೆಗೆಯುವ ಕಪ್ಪೇ ಅವರಿಗೆ ಚಿತ್ತಾರ!

ಇನ್ನು ಸೀರೆ. ಗದ್ವಾಲ ಸೀರೆಯ ಒಡಲು ಹತ್ತಿ, ಅಂಚು ಸೆರಗು ರೇಷ್ಮೆ, ಅದರಲ್ಲಿ ಜರಿ. ಹಳೆಯ ಅಸಲಿ ಜರಿ ಎಂದರೆ ಕೂದಲಿಗಿಂತ ತೆಳ್ಳಗೆ ಎಳೆದ ಬೆಳ್ಳಿ ತಂತಿಯನ್ನು ಚಪ್ಪಟೆ ಮಾಡಿ, ರೇಷ್ಮೆ ನೂಲಿಗೆ ಸುತ್ತಿ, ಮೇಲೆ ಬಂಗಾರದ ನೀರು ಕೊಟ್ಟದ್ದು. ಬಂಗಾರಕ್ಕೆ ಗಂಧಕದ ಭಯವಿಲ್ಲ. ಆದರೆ ಆ ಹೊದಿಕೆ ಎಷ್ಟು ತೆಳುವೆಂದರೆ ಮಡಿಕೆಯ ಜಾಗದಲ್ಲಿ ಸವೆದು, ಒಳಗಿನ ಬೆಳ್ಳಿ ಇಣುಕುತ್ತದೆ, ಅಲ್ಲಿಂದ ಕಪ್ಪು ಶುರು. ಇದನ್ನು ತಿಕ್ಕುವ ಹಾಗಿಲ್ಲ, ಸೋಡಾ ನೀರಿಗೆ ಅದ್ದುವ ಹಾಗೂ ಇಲ್ಲ. ಹಳೆಯ ಶುಭ್ರ ಧೋತರದಲ್ಲಿ ಸುತ್ತಿ, ಆಗಾಗ ಮಡಿಕೆ ಬದಲಿಸಿ ಇಡಬೇಕು.

ಒಂದು ಮಾತು ಅಜ್ಜಿಗೆ ನೀವೇ ಹೇಳಿ. ಕುರಿಯ ಉಣ್ಣೆಯಲ್ಲಿ ಗಂಧಕವಿದೆ. ಉಣ್ಣೆ ಸುಟ್ಟಾಗ ಬರುವ ಕಮಟು ಅದರದೇ. ಜರಿ ಸೀರೆ, ಬೆಳ್ಳಿ ಗಂಟು ಇರುವ ಟ್ರಂಕಿನಿಂದ ಕಂಬಳಿಯನ್ನು ತೆಗೆದು ಬೇರೆ ಕಡೆ ಇಡಲಿ. ಅದೇ ಕಾರಣಕ್ಕೆ ಗೆಜ್ಜೆಗೆ ಸುತ್ತಿದ ರಬ್ಬರ್ ಬ್ಯಾಂಡನ್ನೂ ಬಿಚ್ಚಿಬಿಡಿ.