ರಕ್ಷಣೆಯ ಭರವಸೆ

(ದೇವಾಲಯದ ಶತಮಾನೋತ್ಸವದ ಅಂಗವಾಗಿ ನಡೆದ ಧ್ಯಾನಕೂಟದಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಉಪನ್ಯಾಸ)



ಈ ಶತಮಾನೋತ್ಸವದ ಸಲುವಾಗಿ ನಮ್ಮ ಧರ್ಮಕೇಂದ್ರದ ಹಳೆಯ ದಾಖಲೆ ಪುಸ್ತಕಗಳನ್ನು ತೆರೆದು ನೋಡಿದೆವು. ಒಂದು ಜ್ಞಾನಸ್ನಾನದ ಪುಸ್ತಕ, ಇನ್ನೊಂದು ಮರಣದ ಪುಸ್ತಕ. ಮೊದಲನೆಯದರಲ್ಲಿ ಕಂಡ ಹೆಸರು ಕೆಲವು ದಶಕಗಳ ನಂತರ ಎರಡನೆಯದರಲ್ಲಿ ಕಾಣಿಸುತ್ತದೆ. ಆದರೆ ಮೂರನೆಯ ಪುಸ್ತಕವೊಂದು ನಮ್ಮಲ್ಲಿಲ್ಲ. ಇಂಥವರು ರಕ್ಷಣೆ ಹೊಂದಿದರು ಎಂದು ದಿನಾಂಕ ಬರೆದು ಸಹಿ ಹಾಕುವ ಅಧಿಕಾರ ಯಾವ ಧರ್ಮಕೇಂದ್ರದ ಗುರುವಿಗೂ ಇಲ್ಲ. ಹಾಗಾದರೆ ಕ್ರೈಸ್ತ ವಿಶ್ವಾಸಿಯು ತನ್ನ ರಕ್ಷಣೆಯ ವಿಷಯದಲ್ಲಿ ಎಂತಹ ಭರವಸೆಯನ್ನು ಹೊಂದಬಹುದು?

ಮುಕ್ತಿಯ ಹಂಬಲ ಈ ನೆಲಕ್ಕೆ ಹೊಸದಲ್ಲ. ಚಿಂತಾಮಣಿ ತಾಲ್ಲೂಕಿನ ಕೈವಾರದ ಯೋಗಿ ನಾರೇಯಣ ಯತೀಂದ್ರರು ಕನ್ನಡ ತೆಲುಗುಗಳೆರಡರಲ್ಲಿಯೂ ಹಾಡಿ ಜನರ ಮನಸ್ಸನ್ನು ತಿರುಗಿಸಿದ್ದು ಆ ಕಡೆಗೇ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಶಿಡ್ಲಘಟ್ಟಗಳ ಬಸ್ ನಿಲ್ದಾಣಗಳಲ್ಲಿ ಇಂದಿಗೂ ಸುವಾರ್ತೆಯ ಕರಪತ್ರ ಹಂಚುವ ಸೋದರರು, "ನಿಮಗೆ ರಕ್ಷಣೆ ಆಗಿದೆಯೇ?" ಎಂದು ಕೇಳುವುದುಂಟು. ಪ್ರಶ್ನೆ ತಪ್ಪಲ್ಲ. ಆದರೆ ಅದಕ್ಕೆ ಉತ್ತರ ಕಾಣದೆ ನೊಂದ ಹೃದಯಗಳನ್ನು ನಾವು ಕಂಡಿದ್ದೇವೆ.

ಬಹಳ ವರ್ಷಗಳ ಹಿಂದೆ ಶಿಡ್ಲಘಟ್ಟದ ಕಡೆಯ ಹಳ್ಳಿಯೊಂದರಲ್ಲಿ ಹಾಸಿಗೆ ಹಿಡಿದಿದ್ದ ವೃದ್ಧ ತಾಯಿಯೊಬ್ಬರನ್ನು ನೋಡಲು ಹೋಗಿದ್ದೆವು. ಜೀವಮಾನವೆಲ್ಲ ರೇಷ್ಮೆಹುಳು ಸಾಕಿ ಮಕ್ಕಳನ್ನು ಬೆಳೆಸಿದ ತಾಯಿ ಆಕೆ. ಯಾರೋ ಬಂಧುಗಳು, "ರಕ್ಷಣೆ ಹೊಂದಿದ ದಿನವನ್ನು ಹೇಳಲಾರದವರಿಗೆ ರಕ್ಷಣೆಯೇ ಆಗಿಲ್ಲ" ಎಂದುಬಿಟ್ಟಿದ್ದರು. "ಸ್ವಾಮೀ, ನನಗೆ ಅಂಥ ದಿನ ಒಂದೂ ನೆನಪಿಲ್ಲ. ಜಪಸರ ಹಿಡಿದರೂ ಮನಸ್ಸು ಬತ್ತಿದ ಕೆರೆ ಇದ್ದಂಗೈತೆ. ನನ್ನ ಗತಿ ಏನು?" ಎಂದು ಆಕೆ ಅತ್ತರು.

ಗುರುಮಠದಲ್ಲಿ ಕಲಿತಿದ್ದನ್ನು ನಾವು ಹೇಳಿದೆವು. 1547ರ ಜನವರಿ 13ರಂದು ಟ್ರೆಂಟ್ ಮಹಾಸಭೆಯು ನೀಡಿದ ಬೋಧನೆಯಂತೆ, ದೇವರ ಕರುಣೆ, ಕ್ರಿಸ್ತರ ಪುಣ್ಯಫಲ, ಸಂಸ್ಕಾರಗಳ ಶಕ್ತಿ ಇವುಗಳನ್ನು ಯಾರೂ ಸಂಶಯಿಸಕೂಡದು. ಆದರೆ ತನ್ನ ದೌರ್ಬಲ್ಯವನ್ನು ನೋಡಿಕೊಳ್ಳುವವನು, ತಾನು ವರಪ್ರಸಾದದ ಸ್ಥಿತಿಯಲ್ಲಿದ್ದೇನೆಂದು ವಿಶ್ವಾಸ ಸತ್ಯವನ್ನು ತಿಳಿಯುವಷ್ಟು ತಪ್ಪಿಲ್ಲದ ನಿಶ್ಚಯದಿಂದ ತಿಳಿಯಲಾರನು. ಆಕೆ ಗೌರವದಿಂದ ಕೇಳಿದರು. ಕಣ್ಣೀರು ಮಾತ್ರ ನಿಲ್ಲಲಿಲ್ಲ. ಉತ್ತರ ಸರಿಯಾಗಿತ್ತು, ಆದರೆ ಹಸಿದವರ ಎಲೆಗೆ ಅನ್ನ ಬಡಿಸದೆ ಬಂದವರಂತೆ ನಾವು ಹಿಂದಿರುಗಿದೆವು.

ಆ ರಾತ್ರಿ ಆವಿಲಾದ ಸಂತ ತೆರೇಸಾರವರು 1577ರಲ್ಲಿ ಬರೆದ 'ಅಂತರಂಗದ ಕೋಟೆ' ಎಂಬ ಗ್ರಂಥ ನೆನಪಿಗೆ ಬಂದಿತು. ಅದರಲ್ಲಿ ಅವರು ಆತ್ಮವನ್ನು ರೇಷ್ಮೆಹುಳುವಿಗೆ ಹೋಲಿಸಿದ್ದಾರೆ. ಹುಳು ಗೂಡು ಕಟ್ಟಿ ಅದರಲ್ಲಿ ಸತ್ತು ಬಿಳಿಯ ಚಿಟ್ಟೆಯಾಗಿ ಹೊರಬರುವಂತೆ, ಆತ್ಮವು ಕ್ರಿಸ್ತರೆಂಬ ಮನೆಯಲ್ಲಿ ಅಡಗಿ ಹೊಸ ಜೀವ ಪಡೆಯುತ್ತದೆ ಎಂಬುದು ಅವರ ಉಪಮಾನ. ಮರುದಿನ ಇದನ್ನು ಆ ತಾಯಿಗೆ ಹೇಳಿದೆವು. "ಆಯಮ್ಮ ಹುಳ ಸಾಕಿದ್ದರಾ ಸ್ವಾಮೀ?" ಎಂದು ಕೇಳಿದರು. ಇಲ್ಲ, ತಾವು ಅದನ್ನು ಕಂಡಿಲ್ಲ, ಕೇಳಿದ್ದಷ್ಟೇ ಎಂದು ಸಂತರೇ ಒಪ್ಪಿಕೊಂಡಿದ್ದಾರೆ ಎಂದೆವು. ಆಗ ಆಕೆಯ ಮುಖದಲ್ಲಿ ನಗು ಮೂಡಿತು. "ಹಂಗಾದರೆ ಜ್ವರದ ವಿಷಯ ಅವರಿಗೆ ಗೊತ್ತಿರಲಿಕ್ಕಿಲ್ಲ. ಹುಳ ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ಆಗ ಸೊಪ್ಪು ಮುಟ್ಟುವುದಿಲ್ಲ, ಅಲ್ಲಾಡುವುದಿಲ್ಲ. ಗೊತ್ತಿಲ್ಲದವರು ಸತ್ತೇ ಹೋಯಿತು ಅಂದುಕೊಳ್ಳುತ್ತಾರೆ. ಸಾಕಿದವರು ಅದನ್ನು ಕೆದಕುವುದಿಲ್ಲ, ಕಾಯುತ್ತಾರೆ" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನೂ ಜ್ವರಕ್ಕೆ ಕೂತಿದ್ದೀನೇನೋ ಸ್ವಾಮೀ. ಸಾಕಿದವನು ಕಾಯುತ್ತಾನೆ" ಎಂದರು.

ಪ್ರಿಯರೇ, ನಾವು ಅನೇಕ ವರ್ಷ ಓದಿ ಹೇಳಲಾರದೆ ಹೋದುದನ್ನು ಆ ತಾಯಿ ಹೇಳಿದರು. ಭರವಸೆಯ ಆಧಾರ ಹುಳುವಿನ ಚಟುವಟಿಕೆಯಲ್ಲ, ಸಾಕಿದವನ ನಿಷ್ಠೆ. ನಮ್ಮ ಭಾವೋದ್ವೇಗ ಏರಬಹುದು, ಇಳಿಯಬಹುದು, ನೆನಪು ಮಾಸಬಹುದು. ಮರಣವಾಗಲಿ ಜೀವವಾಗಲಿ ದೇವರ ಪ್ರೀತಿಯಿಂದ ನಮ್ಮನ್ನು ಅಗಲಿಸಲಾರವೆಂದು ರೋಮನರಿಗೆ ಬರೆದ ಪತ್ರದ 8ನೆಯ ಅಧ್ಯಾಯದಲ್ಲಿ ಸಾರಿದ ಸಂತ ಪೌಲರೇ, ತಮ್ಮ ಮನಸ್ಸಾಕ್ಷಿ ತಮ್ಮನ್ನು ದೂರದಿದ್ದರೂ ಅಷ್ಟರಿಂದಲೇ ತಾವು ನಿರ್ದೋಷಿಯಾಗುವುದಿಲ್ಲ, ತೀರ್ಪು ಪ್ರಭುವಿನದೆಂದು ಕೊರಿಂಥದವರಿಗೆ ತಿಳಿಸಿದರು. ತಮ್ಮನ್ನು ನೋಡಿಕೊಂಡಾಗ ವಿನಯ, ಕ್ರಿಸ್ತರನ್ನು ನೋಡಿದಾಗ ಧೈರ್ಯ. ಇವೆರಡೂ ಕೂಡಿದ್ದೇ ಕ್ರೈಸ್ತ ನಿರೀಕ್ಷೆ. 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್ ನಗರದಲ್ಲಿ ಕಥೋಲಿಕ ಧರ್ಮಸಭೆ ಮತ್ತು ಲೂಥರನ್ ವಿಶ್ವ ಒಕ್ಕೂಟ ಸಹಿ ಮಾಡಿದ ಜಂಟಿ ಘೋಷಣೆಯಲ್ಲಿಯೂ, ದೇವರ ವಾಗ್ದಾನವನ್ನು ವಿಶ್ವಾಸಿಯು ನೆಚ್ಚಬಹುದೆಂಬುದನ್ನು ಇಬ್ಬರೂ ಕೂಡಿಯೇ ಒಪ್ಪಿಕೊಂಡಿದ್ದಾರೆ. ಆದುದರಿಂದ ಬಸ್ ನಿಲ್ದಾಣದ ಆ ಸೋದರರೊಡನೆ ನಮಗೆ ಜಗಳ ಬೇಡ.

ಆದರೆ ಭರವಸೆಯ ಹೆಸರಿನಲ್ಲಿ ಉದಾಸೀನವೂ ಸಲ್ಲದು. ಆತ್ಮವು ಅತ್ಯುನ್ನತ ಸ್ಥಿತಿಗೆ ಏರಿದ ಮೇಲೆಯೂ ಇನ್ನು ಬೀಳುವ ಭಯವಿಲ್ಲವೆಂದು ತಾವು ಹೇಳುವುದಿಲ್ಲ ಎಂದು ಸಂತ ತೆರೇಸಾರವರು ಅದೇ ಗ್ರಂಥದಲ್ಲಿ ಎಚ್ಚರಿಸಿದ್ದಾರೆ. ಕೊಳವೆಬಾವಿಯ ನೀರಿಗಾಗಿ ಅಣ್ಣತಮ್ಮಂದಿರು ಮಾತು ಬಿಟ್ಟು, ಭಾನುವಾರ ಒಂದೇ ಸಾಲಿನಲ್ಲಿ ಪರಮಪ್ರಸಾದಕ್ಕೆ ನಿಂತರೆ ಅದನ್ನು ಭರವಸೆ ಎನ್ನಲಾದೀತೇ? ಸೋದರರನ್ನು ಪ್ರೀತಿಸುವುದರಿಂದಲೇ ನಾವು ಮರಣದಿಂದ ಜೀವಕ್ಕೆ ದಾಟಿದ್ದೇವೆಂದು ತಿಳಿಯುತ್ತೇವೆ ಎಂಬುದು ಸಂತ ಯೊವಾನ್ನರ ಮಾತಿನ ಸಾರ. ರಕ್ಷಣೆಯ ಗುರುತನ್ನು ಹುಡುಕುವವರು ಮೊದಲು ಮುರಿದ ಮಾತನ್ನು ಕೂಡಿಸಲಿ; ಪಾಪನಿವೇದನೆಗೆ ಬರಲಿ; ಪೂಜೆಯಲ್ಲಿ ಪ್ರಭುವನ್ನು ಸ್ವೀಕರಿಸಲಿ. ಬಿದ್ದವರು ಏಳಲಿ, ಪುನಃ ಬಿದ್ದರೆ ಪುನಃ ಏಳಲಿ. ಹುಳು ಹಣ್ಣಾಗುವವರೆಗೆ ಸೊಪ್ಪು ಕತ್ತರಿಸುವ ಕೈಗೆ ಬಿಡುವಿಲ್ಲ. ಬೆಳೆ ಬರುವುದೆಂಬ ನಿರೀಕ್ಷೆ ಇರುವುದರಿಂದಲೇ ರೈತ ನಡುರಾತ್ರಿಯಲ್ಲಿ ಎದ್ದು ಸೊಪ್ಪು ಹಾಕುತ್ತಾನೆ.

ನಮ್ಮವರಲ್ಲಿ ಪಾಪನಿವೇದನೆಯಿಲ್ಲದೆ ಹಠಾತ್ತನೆ ತೀರಿಕೊಂಡವರ ಬಗ್ಗೆ ಕೊರಗುವ ಮನೆಗಳುಂಟು. ಅವರಿಗೂ ಒಂದು ಮಾತು. ಧರ್ಮಸಭೆಯು ಅನೇಕರನ್ನು ಸಂತರೆಂದು ಘೋಷಿಸಿದೆ. ಆದರೆ ಇಂಥವರು ನಾಶವಾದರೆಂದು ಒಬ್ಬರ ಹೆಸರನ್ನೂ ಘೋಷಿಸಿಲ್ಲ. ಶಿಲುಬೆಯ ಮೇಲೆ ಕೊನೆಯ ಗಳಿಗೆಯಲ್ಲಿ ಬೇಡಿಕೊಂಡ ಕಳ್ಳನನ್ನು ಪ್ರಭು ಕೈಬಿಡಲಿಲ್ಲ. ಅವರಿಗಾಗಿ ಪ್ರಾರ್ಥಿಸಿರಿ, ಪೂಜೆ ಅರ್ಪಿಸಿರಿ. ತೀರ್ಪನ್ನು ಪ್ರಭುವಿಗೆ ಬಿಡಿರಿ.

ಆ ತಾಯಿ ರೋಗಿಗಳ ಅಭ್ಯಂಗವನ್ನೂ ಪರಮಪ್ರಸಾದವನ್ನೂ ಸ್ವೀಕರಿಸಿ ಕೆಲವೇ ದಿನಗಳಲ್ಲಿ ಶಾಂತವಾಗಿ ಪ್ರಭುವಿನ ಸನ್ನಿಧಿಗೆ ಹೊರಟರು. ಮರಣದ ಪುಸ್ತಕದಲ್ಲಿ ಅವರ ಹೆಸರನ್ನು ಬರೆದವರು ನಾವೇ. ಅರವತ್ತು ದಾಟಿದ ನಮಗೂ ಆ ಸಾಲು ದೂರವಿಲ್ಲ. ರಾತ್ರಿಯ ಪ್ರಾರ್ಥನೆಯಲ್ಲಿ ನಮ್ಮ ಮನಸ್ಸೂ ಅನೇಕ ಸಲ ಬತ್ತಿದ ಕೆರೆಯಾಗುತ್ತದೆ. ಆಗ ಆಕೆಯ ಮಾತನ್ನು ನೆನೆದು ದೀಪ ಆರಿಸಿ ಮಲಗುತ್ತೇವೆ. ಮೂರನೆಯ ಪುಸ್ತಕ ನಮ್ಮ ಕಪಾಟಿನಲ್ಲಿಲ್ಲದಿರುವುದೇ ಒಳ್ಳೆಯದು. ಅದು ಇರಬೇಕಾದವರ ಕೈಯಲ್ಲಿದೆ, ಆ ಕೈಗಳಲ್ಲಿ ನಮಗಾಗಿ ಹೊಂದಿದ ಗಾಯಗಳಿವೆ.

ಆ ಪ್ರಭುವಿನ ಶಾಂತಿ ನಿಮ್ಮೆಲ್ಲರೊಡನೆ ಇರಲಿ.