ಟ್ರಾನ್ಸ್‌ಫಾರ್ಮರಿಗೆ ಬ್ಯಾಟರಿ ಏಕೆ ಒಗ್ಗದು?

(ರೈತರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಕಳೆದ ತಿಂಗಳು ತರುಣ ರೈತರೊಬ್ಬರು ಸುಟ್ಟುಹೋದ ಸಣ್ಣ ಟ್ರಾನ್ಸ್‌ಫಾರ್ಮರೊಂದನ್ನು ನನಗೆ ತಂದು ತೋರಿಸಿದರು. ಟ್ರ್ಯಾಕ್ಟರಿನ ಬ್ಯಾಟರಿಯನ್ನು ಅದರ 12 ವೋಲ್ಟಿನ ಬದಿಗೆ ಜೋಡಿಸಿದರೆ ಇನ್ನೊಂದು ಬದಿಯಲ್ಲಿ 230 ವೋಲ್ಟ್ ಬಂದು ಕೊಟ್ಟಿಗೆಯ ಬಲ್ಬು ಉರಿದೀತೆಂಬುದು ಅವರ ಲೆಕ್ಕ. ಬಲ್ಬು ಹತ್ತಲಿಲ್ಲ, ಹೊಗೆ ಬಂತು. ಪಕ್ಕದಲ್ಲೇ ಹುಲ್ಲಿನ ಮೆದೆ! ಬೆಂಕಿ ತಗುಲದೆ ಉಳಿದದ್ದೇ ಪುಣ್ಯ.

ಟ್ರಾನ್ಸ್‌ಫಾರ್ಮರಿನಲ್ಲಿ ಕಬ್ಬಿಣದ ತಗಡುಗಳ ಸುತ್ತ ತಂತಿಯ ಎರಡು ಸುರುಳಿಗಳಿರುತ್ತವೆ. ಮೊದಲನೆಯದರಲ್ಲಿ ಕರೆಂಟು ಹರಿದಾಗ ಕಬ್ಬಿಣ ಅಯಸ್ಕಾಂತವಾಗುತ್ತದೆ. ಆ ಕಾಂತಶಕ್ತಿ ಬದಲಾಗುತ್ತಿದ್ದರೆ ಮಾತ್ರ ಎರಡನೆಯದರಲ್ಲಿ ವಿದ್ಯುತ್ತು ಹುಟ್ಟುತ್ತದೆ. 1831ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಮೈಕೇಲ್ ಫ್ಯಾರಡೆ ಕಬ್ಬಿಣದ ಬಳೆಗೆ ಎರಡು ಸುರುಳಿ ಸುತ್ತಿ, ಬ್ಯಾಟರಿಯಿಂದಲೇ ಇದನ್ನು ಕಂಡುಕೊಂಡರು. ಬ್ಯಾಟರಿ ಜೋಡಿಸಿದ ಕ್ಷಣ ಮುಳ್ಳು ಅಲುಗಿತು. ತೆಗೆದ ಕ್ಷಣ ಎದುರು ದಿಕ್ಕಿಗೆ ಅಲುಗಿತು. ನಡುವೆ ಎಷ್ಟು ಹೊತ್ತು ಕಾದರೂ ಏನೂ ಇಲ್ಲ.

ಮೊಸರು ಕಡೆಯುವುದನ್ನು ನೆನೆಯಿರಿ. ಹಗ್ಗವನ್ನು ಬಲಗೈ ಒಮ್ಮೆ, ಎಡಗೈ ಒಮ್ಮೆ ಎಳೆದರೆ ತಾನೆ ಬೆಣ್ಣೆ? ಒಂದೇ ಕಡೆಗೆ ಬಿಗಿಹಿಡಿದು ನಿಂತರೆ ಕಡಗೋಲು ತಿರುಗದು. ಬ್ಯಾಟರಿಯ ಡಿ.ಸಿ. ಕರೆಂಟು ಹಾಗೆ ಬಿಗಿಹಿಡಿದ ಹಗ್ಗ. ನಮ್ಮ ಲೈನಿನ ಎ.ಸಿ. ಕರೆಂಟು ಸೆಕೆಂಡಿಗೆ 50 ಸಲ ಹೋಗಿ ಬರುತ್ತದೆ. ಆದ್ದರಿಂದಲೇ ಊರಿನ ಟಿ.ಸಿ. 11,000 ವೋಲ್ಟನ್ನು ಪಂಪ್‌ಸೆಟ್ಟಿಗೆ ತಕ್ಕ ಸುಮಾರು 400 ವೋಲ್ಟಿಗೆ ಇಳಿಸಬಲ್ಲದು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿ ಮುಟ್ಟಿದ್ದೂ ಎ.ಸಿ.ಯಾಗಿಯೇ.

ಇನ್ನು ಸುಟ್ಟದ್ದೇಕೆ? ಬದಲಾಗುವ ಕಾಂತಶಕ್ತಿ ಮೊದಲ ಸುರುಳಿಯಲ್ಲೂ ಎದುರು ಒತ್ತಡ ಹುಟ್ಟಿಸಿ ಕರೆಂಟನ್ನು ಹಿಡಿತದಲ್ಲಿಡುತ್ತದೆ. ಬ್ಯಾಟರಿ ಹಚ್ಚಿದಾಗ ಆ ಹಿಡಿತವಿಲ್ಲ. ತಡೆಯಲು ತಂತಿಯ ರೋಧವೊಂದೇ. ಅದು ಅರ್ಧ ಓಮ್ ಇದ್ದರೆ 12 ವೋಲ್ಟಿಗೆ 24 ಆಂಪಿಯರ್ ನುಗ್ಗುತ್ತದೆ. ಎರಡು ಆಂಪಿಯರಿಗೆ ಮಾಡಿದ ತಂತಿ ಸುಡದೆ ಏನಾದೀತು?

ಇನ್ವರ್ಟರಿನಲ್ಲೂ ಬ್ಯಾಟರಿಯೇ ಅಲ್ಲವೇ ಎಂದು ನೀವು ಕೇಳಬಹುದು. ಹೌದು. ಆದರೆ ಅದರೊಳಗಿನ ಎಲೆಕ್ಟ್ರಾನಿಕ್ ಸ್ವಿಚ್ಚುಗಳು ಕರೆಂಟಿನ ದಿಕ್ಕನ್ನು ಸತತವಾಗಿ ಬದಲಿಸುತ್ತಿರುತ್ತವೆ. ಸೋಲಾರ್ ಫಲಕದ ಡಿ.ಸಿ.ಯಿಂದ ಎ.ಸಿ. ಮೋಟರು ನಡೆಸುವಲ್ಲಿಯೂ ಇದೇ ಉಪಾಯ.

ಕೊಟ್ಟಿಗೆಗೆ ಒಂದು ದೀಪವಷ್ಟೇ ಸಾಕಾದರೆ ಇದಾವುದೂ ಬೇಡ. 12 ವೋಲ್ಟಿನ ಡಿ.ಸಿ. ಎಲ್.ಇ.ಡಿ. ಬಲ್ಬನ್ನು ನೇರವಾಗಿ ಬ್ಯಾಟರಿಗೆ ಜೋಡಿಸಿ. ಬ್ಯಾಟರಿಯ ಹತ್ತಿರವೇ ತಕ್ಕ ಫ್ಯೂಸು ಹಾಕಿ. ಆ ತರುಣರೂ ಈಗ ಹಾಗೆಯೇ ಮಾಡಿಕೊಂಡಿದ್ದಾರೆ. ಹುಲ್ಲಿನ ಮೆದೆಯನ್ನೂ ದೂರಕ್ಕೆ ಸಾಗಿಸಿದ್ದಾರೆ.