ಘಟ್ಟ ಹತ್ತದ ಕಾರು: ರೋಗನಿದಾನ ಮತ್ತು ಉಪಚಾರ

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳಿಗಾಗಿ ಏರ್ಪಡಿಸಿದ್ದ ಉಪನ್ಯಾಸದ ಬರಹರೂಪ)



ಪರಿಸರದ ವೇದಿಕೆಯಲ್ಲಿ ಕಾರಿನ ಎಂಜಿನ್ನಿನ ಮಾತೇಕೆ ಎಂಬ ಪ್ರಶ್ನೆ ಸಹಜ. ಮಲೆನಾಡಿನ ಒಂಟಿಮನೆಗಳಿಗೆ ಕಾರು ಅಥವಾ ಜೀಪು ವಿಲಾಸದ ವಸ್ತುವಲ್ಲ. ನಡುರಾತ್ರಿ ಹೆರಿಗೆ ನೋವು ಕಾಣಿಸಿಕೊಂಡಾಗ, ಹಾವು ಕಚ್ಚಿದಾಗ, ಮನೆಗೂ ಆಸ್ಪತ್ರೆಗೂ ನಡುವೆ ಇರುವುದು ಒಂದು ಘಟ್ಟ ಮತ್ತು ಒಂದು ವಾಹನ. ಆ ವಾಹನ ತಿರುವಿನಲ್ಲಿ ಎಳೆಯದೆ ನಿಂತರೆ ಅಪಾಯಕ್ಕೀಡಾಗುವುದು ಜೀವ. ಇನ್ನೊಂದೆಡೆ, ಎಳೆತ ಕಳೆದುಕೊಂಡ ವಾಹನ ಅದೇ ಏರಿಗೆ ಹೆಚ್ಚು ಇಂಧನ ಕುಡಿಯುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದಾಗ ಸುಮಾರು 2.3 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಆದುದರಿಂದ ಮನೆಯ ಕ್ಷೇಮ ಮತ್ತು ಕಾಡಿನ ಕ್ಷೇಮಗಳೆರಡೂ ಇಲ್ಲಿ ಒಂದೆಡೆ ಸೇರುತ್ತವೆ.

ಅಡಿಕೆಯ ಸೋಗೆ ಹಳದಿಯಾಯಿತೆಂದೊಡನೆ ಗೊಬ್ಬರ ಸುರಿಯುವವನು ಬಸಿಗಾಲುವೆ ಮುಚ್ಚಿಹೋಗಿದೆಯೇ ಎಂದು ನೋಡುವುದಿಲ್ಲ. "ಗಾಡಿಗೆ ಪಿಕಪ್ ಇಲ್ಲ" ಎಂದೊಡನೆ ಬಿಡಿಭಾಗ ಬದಲಾಯಿಸುವುದೂ ಇಂತಹುದೇ ತಪ್ಪು. ಮೊದಲು ನಿದಾನ, ಅನಂತರ ಉಪಚಾರ.

ಮೊದಲಿಗೆ, ಇದು ರೋಗವೇ ಅಲ್ಲವೇ ಎಂದು ತಿಳಿಯಬೇಕು. ಮಂಗಳೂರಿನ ಕಡಲತೀರದಿಂದ ಸುಮಾರು 1,000 ಮೀಟರ್ ಎತ್ತರದ ಚಿಕ್ಕಮಗಳೂರಿಗೆ ಬರುವಷ್ಟರಲ್ಲಿ ಗಾಳಿಯ ಒತ್ತಡ ಶೇ. 11ರ ಆಸುಪಾಸಿನಲ್ಲಿ ಕುಗ್ಗುತ್ತದೆ. ಟರ್ಬೋ ಇಲ್ಲದ ಎಂಜಿನ್ನಿನ ಬಲವೂ ಸುಮಾರು ಶೇ. 10ರಷ್ಟು ಇಳಿಯುತ್ತದೆ. ಇದು ಪ್ರಕೃತಿ ನಿಯಮ. ಆದರೆ ಕಳೆದ ವರ್ಷ ಎರಡನೆಯ ಗೇರಿನಲ್ಲಿ ಹತ್ತಿದ ಏರಿಗೆ, ಅದೇ ಹೊರೆಯೊಡನೆ, ಈಗ ಮೊದಲ ಗೇರು ಬೇಕಾದರೆ ಅದು ರೋಗವೇ ಸರಿ.

ಎರಡನೆಯದಾಗಿ, ಬಲ ಹುಟ್ಟುತ್ತಿಲ್ಲವೋ, ಹುಟ್ಟಿದ ಬಲ ದಾರಿಯಲ್ಲಿ ಸೋರುತ್ತಿದೆಯೋ ಎಂದು ಬೇರ್ಪಡಿಸಬೇಕು. ಮೇಲಿನ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ನಿನ ಸದ್ದು ಏರಿ ವೇಗ ಏರದಿದ್ದರೆ, ಜೊತೆಗೆ ಸುಟ್ಟ ವಾಸನೆ ಬಂದರೆ, ಕ್ಲಚ್ ಪ್ಲೇಟ್ ಜಾರುತ್ತಿದೆ ಎಂದರ್ಥ. ಒಂದು ಚಕ್ರ ಮಾತ್ರ ಉಳಿದವುಗಳಿಗಿಂತ ಬಹಳ ಬಿಸಿಯಾಗಿದ್ದರೆ ಬ್ರೇಕ್ ಹಿಡಿದುಕೊಂಡಿದೆ. ಮಳೆಗಾಲದ ತುಕ್ಕಿನಿಂದ ಹ್ಯಾಂಡ್ ಬ್ರೇಕಿನ ಕೇಬಲ್ ಬಿಗಿದುಕೊಳ್ಳುವುದು ಈ ಸೀಮೆಯಲ್ಲಿ ಅಪರೂಪವಲ್ಲ. ಟೈರಿನ ಗಾಳಿಯನ್ನು ನೋಡಲು ಖರ್ಚೇ ಇಲ್ಲ.

ಇವೆಲ್ಲ ಸರಿಯಿದ್ದರೆ ಎಂಜಿನ್ನಿನತ್ತ ಗಮನ ಹರಿಸಬೇಕು. ಅದಕ್ಕೆ ಬೇಕಾದುದು ಗಾಳಿ, ಇಂಧನ, ಕಿಡಿ ಮತ್ತು ಹೊಗೆ ಹೋಗಲು ದಾರಿ. ಒಂದು ಕಿಲೋಗ್ರಾಂ ಪೆಟ್ರೋಲ್ ಪೂರ್ಣವಾಗಿ ಉರಿಯಲು ಸುಮಾರು 14.7 ಕಿಲೋಗ್ರಾಂ ಗಾಳಿ ಬೇಕು. ಮಣ್ಣುರಸ್ತೆಯ ಕೆಂಧೂಳು ಏರ್ ಫಿಲ್ಟರನ್ನು ಬೇಗನೆ ಕಟ್ಟಿಬಿಡುತ್ತದೆ. ಇಲಿಗಳು ಅದರ ಪೆಟ್ಟಿಗೆಯಲ್ಲಿ ಗೂಡು ಕಟ್ಟುವುದೂ, ವೈರು ಕಡಿಯುವುದೂ ಉಂಟು. ಟರ್ಬೋ ಇರುವ ಡೀಸೆಲ್ ವಾಹನದಲ್ಲಿ ಒತ್ತಿದಾಗ ಬುಸುಗುಟ್ಟುವ ಸದ್ದು ಕೇಳಿದರೆ ರಬ್ಬರ್ ಕೊಳವೆ ಬಿರಿದಿರಬಹುದು.

ಸಮತಟ್ಟಿನಲ್ಲಿ ಚೆನ್ನಾಗಿ ಓಡಿ ಏರಿನಲ್ಲಿ ಸೊರಗುವ ವಾಹನಕ್ಕೆ ಇಂಧನದ ಕೊರತೆಯಿರಬಹುದು. ಕಟ್ಟಿದ ಫಿಲ್ಟರ್ ಅಥವಾ ದುರ್ಬಲ ಪಂಪು ಅಲ್ಪ ಬೇಡಿಕೆಯನ್ನು ಪೂರೈಸೀತು, ಏರಿನ ಬೇಡಿಕೆಯನ್ನಲ್ಲ. ಅನೇಕ ಡೀಸೆಲ್ ಫಿಲ್ಟರುಗಳ ತಳದಲ್ಲಿ ನೀರು ಬಸಿಯುವ ತಿರುಪು ಇರುತ್ತದೆ. ಮಳೆಗಾಲದಲ್ಲಿ ಅದನ್ನು ಮರೆಯಬಾರದು. ಇಂದಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಬೆರೆತಿರುತ್ತದೆ. ಅದು ನೀರನ್ನು ಹೀರಿಕೊಳ್ಳುವ ಗುಣದ್ದಾದ ಕಾರಣ ಕ್ಯಾನುಗಳಲ್ಲಿ ತಿಂಗಳುಗಟ್ಟಲೆ ಕೂಡಿಡುವುದು ಸಲ್ಲದು.

ಪೆಟ್ರೋಲ್ ಎಂಜಿನ್ ತಡವರಿಸಿ ನಡುಗಿದರೆ ಸ್ಪಾರ್ಕ್ ಪ್ಲಗ್ ಮತ್ತು ಕಾಯಿಲ್ ಪರೀಕ್ಷಿಸಬೇಕು. ಎಂಜಿನ್ ಎಚ್ಚರಿಕೆ ದೀಪ ಮಿನುಗುತ್ತಿರುವಾಗ ಓಡಿಸುವುದು ದುಬಾರಿಯಾದ ತಪ್ಪು. ಉರಿಯದ ಪೆಟ್ರೋಲ್ ಸೈಲೆನ್ಸರಿನ ಮಾರ್ಗದ ಕ್ಯಾಟಲಿಟಿಕ್ ಕನ್ವರ್ಟರ್ ಸೇರಿ ಅಲ್ಲಿ ಉರಿಯುತ್ತದೆ. ಒಳಗಿನ ಜೇನುಗೂಡಿನಂತಹ ರಚನೆ ಕರಗಿ ಹೊಗೆಯ ದಾರಿ ಮುಚ್ಚುತ್ತದೆ.

ಹೊಗೆಯ ಬಣ್ಣವೂ ಮಾತನಾಡುತ್ತದೆ. ಕಪ್ಪಾದರೆ ಗಾಳಿ ಕಡಿಮೆ ಅಥವಾ ಇಂಧನ ಹೆಚ್ಚು. ನೀಲಿಯಾದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ರೇಡಿಯೇಟರಿನ ನೀರು ಒಳಸೇರುತ್ತಿರಬಹುದು, ಇಲ್ಲವೇ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ. ಸ್ಕ್ಯಾನರ್ ತೋರಿಸುವ ಸಂಕೇತ ಕೂಡ ಲಕ್ಷಣವೇ ಹೊರತು ತೀರ್ಪಲ್ಲ. ಅದು ಹೆಸರಿಸಿದ ಭಾಗವನ್ನು ಪರೀಕ್ಷಿಸದೆ ಬದಲಾಯಿಸಬಾರದು.

ಇಲ್ಲಿಯೇ ಒಂದು ಪ್ರಲೋಭನೆ ಎದುರಾಗುತ್ತದೆ. ಕನ್ವರ್ಟರನ್ನು ಕಿತ್ತುಹಾಕಿದರೆ ಪಿಕಪ್ ಬರುತ್ತದೆ ಎಂಬ ಸಲಹೆ ಕೆಲವು ಗ್ಯಾರೇಜುಗಳಲ್ಲಿ ಸಿಗುತ್ತದೆ. ಬರಬಹುದು. ಆದರೆ ಅದನ್ನು ಕೆಡಿಸಿದ ಪ್ಲಗ್ಗಿನ ದೋಷವೋ ಆಯಿಲ್ ಉರಿಯುವ ದೋಷವೋ ಹಾಗೆಯೇ ಉಳಿಯುತ್ತದೆ, ಮತ್ತು ಕಾರ್ಬನ್ ಮೊನಾಕ್ಸೈಡ್, ನೈಟ್ರೋಜನ್ ಆಕ್ಸೈಡುಗಳು ನೇರವಾಗಿ ಗಾಳಿಗೆ ಸೇರುತ್ತವೆ. ಮೋಟಾರು ವಾಹನ ಕಾನೂನಿಗೂ ಇದು ವಿರುದ್ಧ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಸ್ಟೇಜ್ 6ರ ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಪೇಟೆಗೂ ಮನೆಗೂ ನಡುವಿನ ಕಿರು ಓಡಾಟದಲ್ಲಿ ಅದು ಸಾಕಷ್ಟು ಬಿಸಿಯಾಗದೆ ಕಟ್ಟಿಕೊಳ್ಳುತ್ತದೆ. ಇದಕ್ಕೆ ಪರಿಹಾರ, ಕೈಪಿಡಿ ಹೇಳಿದಂತೆ ಆಗಾಗ ದೀರ್ಘವಾಗಿ ಓಡಿಸಿ ಮಸಿ ಸುಡಲು ಅವಕಾಶ ಕೊಡುವುದು, ಕಿತ್ತುಹಾಕುವುದಲ್ಲ.

ಖರ್ಚಿಲ್ಲದ ಪರೀಕ್ಷೆ ಮೊದಲು, ಅಗ್ಗದ ದುರಸ್ತಿ ಅನಂತರ, ದುಬಾರಿಯದು ಕೊನೆಗೆ. ಯಾವ ದಿನ ಏನು ಬದಲಾಯಿಸಿತು, ಎಷ್ಟು ಕಿಲೋಮೀಟರಿಗೆ ಎಷ್ಟು ಇಂಧನ ಎಂಬುದನ್ನು ಮನೆಯ ಮಕ್ಕಳು ಒಂದು ಪುಸ್ತಕದಲ್ಲಿ ಬರೆದಿಟ್ಟರೆ, ಕಾಯಿಲೆ ಉಲ್ಬಣಿಸುವ ಮೊದಲೇ ಆ ಪುಟಗಳಲ್ಲಿ ಕಾಣಿಸಿಕೊಳ್ಳುತ್ತದೆ. ಮುಂಗಾರಿಗೆ ಮುನ್ನ ಬಸಿಗಾಲುವೆ ಬಿಡಿಸುವ ಕೈಗಳು ಅದೇ ವಾರ ವಾಹನದ ಫಿಲ್ಟರನ್ನೂ ಬಿಚ್ಚಿ ನೋಡಲಿ. ಮಳೆಯ ರಾತ್ರಿ ಆ ಘಟ್ಟ ಹತ್ತಲೇಬೇಕಾದ ಸಂದರ್ಭ ಯಾರ ಮನೆಗೆ ಬರುತ್ತದೆಂದು ಮೊದಲೇ ತಿಳಿಯುವುದಿಲ್ಲ.